ವಿಮಾನ ಇಳಿದ ಮೇಲೆ: ಗಲ್ಫ್‌ಗೆ ಹೊರಟವರಿಗೂ ಅವರ ಮನೆಯವರಿಗೂ

ಜುಮಾ ನಮಾಝ್ ಮುಗಿದು ಜನ ಮಸೀದಿಯ ಮೆಟ್ಟಿಲಲ್ಲಿ ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿನಲ್ಲಿ ಯಾರಾದರೊಬ್ಬ ಯುವಕ ಬಂದು ಕೈ ಹಿಡಿದುಕೊಳ್ಳುತ್ತಾನೆ. "ಹಜ್ರತ್, ವೀಸಾ ಬಂತು. ಮುಂದಿನ ವಾರ ಹೊರಡ್ತಿದೀನಿ, ದುಆ ಮಾಡಿ" ಎನ್ನುತ್ತಾನೆ. ಹಾಸನದಲ್ಲಿ, ಹೊಳೆನರಸೀಪುರದಲ್ಲಿ, ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ನಾವೆಲ್ಲ ಕೇಳಿರುವ ಮಾತಿದು. ಡ್ರೈವರ್, ಟೈಲರ್, ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್, ವೆಲ್ಡರ್, ಅಂಗಡಿಯ ಸೇಲ್ಸ್‌ಮನ್ ಹೀಗೆ ನಮ್ಮ ಹುಡುಗರು ಸೌದಿಗೆ, ದುಬೈಗೆ, ಕತಾರ್‌ಗೆ, ಕುವೈತ್‌ಗೆ ಹೊರಡುತ್ತಾರೆ.

ದುಆ ಖಂಡಿತ ಮಾಡುತ್ತೇವೆ. ಆದರೆ ಹೊರಡುವವನಿಗೆ ದುಆದ ಜೊತೆ ತಿಳಿವಳಿಕೆಯೂ ಬೇಕು. ಅಲ್ಲಿ ಇಳಿದ ಮೇಲೆ ಏನಾಗುತ್ತದೆ, ಮೊದಲ ದಿನಗಳಲ್ಲಿ ಏನು ಮಾಡಬೇಕು, ಮನೆಯವರು ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಯಾರೂ ಅವನಿಗೆ ಕೂರಿಸಿಕೊಂಡು ಹೇಳಿರುವುದಿಲ್ಲ. ಇಡೀ ಲೇಖನದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಗಲ್ಫ್‌ನ ಮೊದಲ ಮೂರು ತಿಂಗಳು ಸಂಪಾದನೆಯ ತಿಂಗಳುಗಳಲ್ಲ, ಕಾಗದ ಸರಿಮಾಡಿಕೊಳ್ಳುವ ತಿಂಗಳುಗಳು. ಆ ಮೂರು ತಿಂಗಳನ್ನು ಸಾಲದ ಭಾರವಿಲ್ಲದೆ ದಾಟಿದವನು ಮುಂದೆ ನಾಲ್ಕು ಕಾಸು ನೋಡುತ್ತಾನೆ. ಅಲ್ಲಿ ಎಡವಿದವನು ವರ್ಷಗಟ್ಟಲೆ ಏಳಲು ಪರದಾಡುತ್ತಾನೆ.

ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ವೀಸಾ?

"ವೀಸಾ ಬಂತು" ಎಂದರೆ ಸಾಲದು. ಕೆಲಸದ ವೀಸಾ ಬೇರೆ, ವಿಸಿಟ್ ವೀಸಾ ಬೇರೆ, ಉಮ್ರಾ ವೀಸಾ ಬೇರೆ. ಕೆಲಸದ ವೀಸಾದಲ್ಲಿ ನಿಮ್ಮ ಮಾಲೀಕ ಅಥವಾ ಕಂಪನಿ ಯಾರು, ನಿಮ್ಮ ವೃತ್ತಿ ಯಾವುದು ಎಂಬುದು ದಾಖಲಾಗಿರುತ್ತದೆ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಯುಎಇಯಲ್ಲಿ ಕಾನೂನುಬಾಹಿರ. ಹಾಗೆ ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ 2024ರ ತಿದ್ದುಪಡಿಯ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡವಿದೆ. "ಮೊದಲು ವಿಸಿಟ್‌ನಲ್ಲಿ ಬಾ, ಆಮೇಲೆ ಬದಲಾಯಿಸೋಣ" ಎನ್ನುವವರ ಮಾತಿನಲ್ಲಿ ಹೋದವನು ಸಂಬಳ ಸಿಗದಿದ್ದರೆ ದೂರು ಕೊಡಲು ಹೋಗುವಾಗ ಕೈಯಲ್ಲಿ ಒಪ್ಪಂದದ ಕಾಗದವೇ ಇರುವುದಿಲ್ಲ.

ಇನ್ನೊಂದು ಹೆಸರು ನಮ್ಮಲ್ಲಿ ಬಹಳ ಓಡಾಡುತ್ತದೆ: "ಆಜಾದ್ ವೀಸಾ" ಅಥವಾ "ಫ್ರೀ ವೀಸಾ". ಯಾರದೋ ಹೆಸರಿನಲ್ಲಿ ವೀಸಾ, ಕೆಲಸ ಎಲ್ಲಿ ಬೇಕಾದರೂ ಮಾಡಿಕೋ ಎಂಬುದು ಅದರ ಅರ್ಥ. ಸೌದಿಯ ಕಾನೂನಿನಲ್ಲಿ ಅಂಥ ವೀಸಾ ಇಲ್ಲ. ಒಬ್ಬರ ಹೆಸರಿನ ವೀಸಾದಲ್ಲಿ ಬಂದು ಇನ್ನೊಬ್ಬರ ಹತ್ತಿರ ದುಡಿಯುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ದಂಡ, ಗಡೀಪಾರು. ವೀಸಾ ಕಳಿಸಿದವನು ನಮ್ಮ ದೊಡ್ಡಪ್ಪನ ಮಗನೇ ಆಗಿದ್ದರೂ ಕಾನೂನು ಬದಲಾಗುವುದಿಲ್ಲ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ "ಇಸಿಆರ್" ಎಂಬ ಗುರುತಿರುತ್ತದೆ. ಅಂಥವರು ಗಲ್ಫ್‌ನ ಆರೂ ದೇಶಗಳು ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಪಡೆಯಬೇಕು. ಇದನ್ನು ಕೊಡುವವರು ವಲಸಿಗರ ಸಂರಕ್ಷಣಾಧಿಕಾರಿ. ಅವರ ಕಚೇರಿ ಬೆಂಗಳೂರಿನಲ್ಲೂ ಇದೆ. ಅರ್ಜಿ ಹೋಗುವುದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ. ಈ ಅನುಮತಿ ಸಿಗಬೇಕಾದರೆ ನಿಮ್ಮ ಒಪ್ಪಂದ, ಮಾಲೀಕ, ಸಂಬಳ ಎಲ್ಲವೂ ಸರ್ಕಾರದ ದಾಖಲೆಯಲ್ಲಿ ಕೂರಬೇಕು. ನಾಳೆ ತೊಂದರೆಯಾದರೆ ರಾಯಭಾರ ಕಚೇರಿ ಹಿಡಿಯುವ ಮೊದಲ ಎಳೆ ಅದೇ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು ಎಂಬ ನಿಯಮವೂ ಇದೆ. ಮನೆಕೆಲಸಕ್ಕೆಂದು ಚಿಕ್ಕ ವಯಸ್ಸಿನ ಹುಡುಗಿಯರನ್ನು ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಎನ್ನುವವನನ್ನು ಬಾಗಿಲಲ್ಲೇ ನಿಲ್ಲಿಸಿ.

ಇದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಇಸಿಆರ್ ಪಾಸ್‌ಪೋರ್ಟಿನವರಿಗೆ ಇದು ಕಡ್ಡಾಯ. ಪಾಲಿಸಿಯ ಒಂದು ಪ್ರತಿ ಮನೆಯಲ್ಲಿ, ಹೆಂಡತಿ ಅಥವಾ ತಾಯಿಯ ಕೈಯಲ್ಲಿ ಇರಬೇಕು. ಪೆಟ್ಟಿಗೆಯಲ್ಲಿ ಮಡಚಿಕೊಂಡು ಹೋದ ಪಾಲಿಸಿಯ ವಿಷಯ ಮನೆಯವರಿಗೆ ತಿಳಿಯುವುದೇ ಇಲ್ಲ.

ಏಜೆಂಟನಿಗೆ ಎಷ್ಟು ಕೊಡಬೇಕು?

ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 35,400 ರೂಪಾಯಿ. ಅದಕ್ಕೆ ರಸೀದಿ ಕೊಡಬೇಕು. ಇ-ಮೈಗ್ರೇಟ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ಹೆಸರು ಅಲ್ಲಿ ಇಲ್ಲದಿದ್ದರೆ ಅವನಿಗೆ ಜನರನ್ನು ಕಳಿಸುವ ಅಧಿಕಾರವಿಲ್ಲ. ನಮ್ಮ ರಾಜ್ಯ ಸರ್ಕಾರವೂ ಕೌಶಲ್ಯ ಅಭಿವೃದ್ಧಿ ನಿಗಮದಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವನ್ನು ನಡೆಸುತ್ತಿದೆ. ಏಜೆಂಟನ ಬಾಗಿಲಿಗೆ ಹೋಗುವ ಮುನ್ನ ಅಲ್ಲಿ ವಿಚಾರಿಸಬಹುದು. ಇನ್ನೊಂದು ಮಾತು: ಸೌದಿಯಲ್ಲಾಗಲಿ ಯುಎಇಯಲ್ಲಾಗಲಿ ಕೆಲಸಗಾರನನ್ನು ಕರೆಸಿಕೊಳ್ಳುವ ಖರ್ಚು ಮಾಲೀಕನದು ಎಂದೇ ಕಾನೂನು ಹೇಳುತ್ತದೆ.

ಆದರೆ ನಮ್ಮಲ್ಲಿ ನಡೆಯುವುದು ಬೇರೆ. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಹುಡುಗ ವೀಸಾಕ್ಕೆಂದು ಒಂದೂವರೆ ಲಕ್ಷ ಕೊಟ್ಟ ಎಂದಿಟ್ಟುಕೊಳ್ಳಿ. ಆ ಹಣ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ಬಂದದ್ದು. ತಿಂಗಳಿಗೆ 4,500 ರೂಪಾಯಿ ಬಡ್ಡಿ. ಸಂಬಳ 1,200 ದಿರ್ಹಂ, ದಿರ್ಹಂಗೆ 23 ರೂಪಾಯಿ ಎಂದರೆ 27,600 ರೂಪಾಯಿ. ಊಟ, ಫೋನು, ಸೋಪು, ಕ್ಷೌರ ಎಂದು 500 ದಿರ್ಹಂ ಕಳೆದರೆ ಉಳಿಯುವುದು 700 ದಿರ್ಹಂ, ಅಂದರೆ 16,100 ರೂಪಾಯಿ. ಮೊದಲ ಮೂರು ತಿಂಗಳು ಏನೂ ಕಳಿಸಲಾಗದಿದ್ದರೆ ಬಡ್ಡಿಯೇ 13,500 ರೂಪಾಯಿ ಬೆಳೆಯುತ್ತದೆ. ಆಮೇಲೆ ಕಳಿಸಿದ ಪ್ರತಿ ರೂಪಾಯಿಯನ್ನೂ ಸಾಲಕ್ಕೇ ಕಟ್ಟಿದರೂ ತೀರಲು ಇನ್ನೊಂದು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟು ದಿನ ಮನೆಯ ಒಲೆ ಹೇಗೆ ಉರಿಯಬೇಕು? ಅದೇ ಹುಡುಗ ಕಾನೂನಿನಂತೆ 35,400 ರೂಪಾಯಿ ಮಾತ್ರ ಕೊಟ್ಟಿದ್ದರೆ ಸಂಬಳ ಶುರುವಾದ ಮೂರನೇ ತಿಂಗಳಿಗೆ ಆ ಹಣ ತೀರಿರುತ್ತಿತ್ತು.

ಬಡ್ಡಿ ಹರಾಮ್ ಎಂಬುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ವೀಸಾದ ಹೆಸರಿನಲ್ಲಿ ಅಮ್ಮಿಯ ಕಿವಿಯ ಒಡವೆ ಗಿರವಿ ಅಂಗಡಿ ಸೇರುತ್ತದೆ. ಹೊರಡುವ ಉತ್ಸಾಹದಲ್ಲಿ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ದಯವಿಟ್ಟು ಮನೆಯಲ್ಲಿ ಎಲ್ಲರೂ ಕೂತು ಒಂದು ಹಾಳೆಯ ಮೇಲೆ ಈ ಲೆಕ್ಕ ಬರೆಯಿರಿ.

"ಮುಸ್ಲಿಮ್ ದೇಶ, ನಮ್ಮವರೇ" ಎಂಬ ನಂಬಿಕೆ

ನಮ್ಮ ಹುಡುಗರು ಬರವಣಿಗೆಯಲ್ಲಿ ಏನೂ ಕೇಳದೆ ಹೊರಡುವುದಕ್ಕೆ ಒಂದು ಕಾರಣವಿದೆ. "ಮುಸ್ಲಿಮ್ ದೇಶವಲ್ಲವೇ, ಕಫೀಲ್ ನಮಾಝ್ ಮಾಡುವವನು, ಮೋಸ ಮಾಡುತ್ತಾನೆಯೇ?" ಎನ್ನುತ್ತಾರೆ. ಒಳ್ಳೆಯ ಮಾಲೀಕರು ಇದ್ದಾರೆ, ಬಹಳ ಜನ ಇದ್ದಾರೆ. ಆದರೆ ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಬಗ್ಗೆ ಇದೆ ಎಂಬುದನ್ನು ನೆನೆಯಿರಿ. ಸೂರಃ ಅಲ್ ಬಕರಃದ 282ನೇ ಆಯತ್. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ, ಸಾಕ್ಷಿಗಳ ಬಗ್ಗೆ. ವಿಶ್ವಾಸಿಗಳ ನಡುವಿನ ವ್ಯವಹಾರಕ್ಕೇ ಬರವಣಿಗೆ ಬೇಕೆಂದ ಮೇಲೆ, ಕಾಗದ ಕೇಳುವುದು ಅಪನಂಬಿಕೆ ಹೇಗಾಗುತ್ತದೆ? ಅದು ಇಬ್ಬರಿಗೂ ರಕ್ಷಣೆ.

ಯುಎಇಯಲ್ಲಿ ಕೆಲಸದ ಆಫರ್ ಲೆಟರ್ ಅರಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಇರಬೇಕು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಉರ್ದು, ಹಿಂದಿ, ಮಲಯಾಳಂ, ತಮಿಳು ಇವೆ. ಮದ್ರಸಾದಲ್ಲಿ ಉರ್ದು ಕಲಿತವರು ಉರ್ದು ಪ್ರತಿಯನ್ನೇ ಕೇಳಿ ಪಡೆಯಿರಿ. ಓದಲು ಬಾರದಿದ್ದರೆ ಊರಲ್ಲೇ ಓದಿಸಿಕೊಳ್ಳಿ. ನೋಡಬೇಕಾದ ವಿಷಯಗಳು: ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು, ಊಟ ಯಾರದು, ವಸತಿ ಯಾರದು, ಕೆಲಸದ ಗಂಟೆ ಎಷ್ಟು, ವಾರದ ರಜೆ ಯಾವಾಗ, ಪ್ರೊಬೇಷನ್ ಎಷ್ಟು ತಿಂಗಳು, ರಜೆಗೆ ಬರುವಾಗ ಟಿಕೆಟ್ ಯಾರು ಕೊಡುತ್ತಾರೆ, ವೃತ್ತಿಯ ಹೆಸರು ಏನೆಂದು ಬರೆದಿದೆ. ಎಲೆಕ್ಟ್ರಿಷಿಯನ್ ಎಂದು ಹೇಳಿ ಕಾಗದದಲ್ಲಿ ಕೂಲಿ ಎಂದು ಬರೆದಿದ್ದರೆ ಸಂಬಳವೂ ಕೂಲಿಯದೇ.

ಕೆಲವರಿಗೆ ಇಲ್ಲಿ ಒಂದು ಒಪ್ಪಂದ, ಅಲ್ಲಿ ಇಳಿದ ಮೇಲೆ ಕಡಿಮೆ ಸಂಬಳದ ಇನ್ನೊಂದು ಒಪ್ಪಂದ ಕೊಡುತ್ತಾರೆ. ಎರಡನೆಯದಕ್ಕೆ ಸಹಿ ಹಾಕಬೇಡಿ. ಇಲ್ಲಿ ಸಹಿ ಹಾಕಿದ ಕಾಗದದ ಫೋಟೋ ನಿಮ್ಮ ಫೋನಿನಲ್ಲೂ ಇರಲಿ, ಮನೆಯವರ ಫೋನಿನಲ್ಲೂ ಇರಲಿ. ಸೌದಿಯಲ್ಲಿ ಕಂಪನಿ ಕೆಲಸದ ಒಪ್ಪಂದವನ್ನು ಸರ್ಕಾರದ ಕ್ವಿವಾ ಆ್ಯಪ್‌ನಲ್ಲಿ ಕೆಲಸಗಾರನೇ ನೋಡಬಹುದು. ಮನೆಕೆಲಸ, ಹೌಸ್ ಡ್ರೈವರ್ ಕೆಲಸದ ಒಪ್ಪಂದಗಳು ಮುಸಾನದ್ ಎಂಬ ಬೇರೆ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಮನೆಯ ಹೆಂಗಸರು ಈ ಭಾಗವನ್ನು ಎರಡು ಸಲ ಓದಬೇಕು. ನಮ್ಮ ಅಡುಗೆಮನೆಯ ಗಸಗಸೆ ಯುಎಇ ಮತ್ತು ಸೌದಿಯಲ್ಲಿ ನಿಷೇಧಿತ ವಸ್ತು. ಅಫೀಮಿನ ಗಿಡದ ಬೀಜ ಎಂದು ಅದನ್ನು ಮಾದಕ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಮಗನಿಗೆಂದು ಪ್ರೀತಿಯಿಂದ ಪುಡಿಮಾಡಿ ಕಟ್ಟಿಕೊಟ್ಟ ಕುರ್ಮಾ ಮಸಾಲೆಯಲ್ಲಿ ಗಸಗಸೆ ಇದ್ದರೆ ಅವನು ವಿಮಾನ ನಿಲ್ದಾಣದಿಂದ ನೇರವಾಗಿ ಪೊಲೀಸರ ಕೈಸೇರಬಹುದು. ವೀಳ್ಯದೆಲೆ, ಪಾನ್, ಗುಟ್ಕಾ ಯುಎಇಗೆ ತೆಗೆದುಕೊಂಡು ಹೋಗುವಂತಿಲ್ಲ.

ಮಾತ್ರೆಗಳ ವಿಷಯವೂ ಹೀಗೆಯೇ. ಟ್ರಮಾಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್, ಕೆಲವು ನಿದ್ದೆ ಮಾತ್ರೆಗಳು ಅಲ್ಲಿ ನಿಯಂತ್ರಿತ ಔಷಧಿಗಳು. ನಮ್ಮ ಊರಿನ ಮೆಡಿಕಲ್ ಶಾಪ್‌ನಲ್ಲಿ ಸಲೀಸಾಗಿ ಸಿಕ್ಕಿತೆಂದು ಅಲ್ಲಿಯೂ ನಡೆಯುತ್ತದೆ ಎಂದುಕೊಳ್ಳಬೇಡಿ. ನಿತ್ಯದ ಔಷಧಿ ಇದ್ದರೆ ವೈದ್ಯರ ಚೀಟಿ, ಮೂಲ ಪ್ಯಾಕೆಟ್ ಸಹಿತ ಒಯ್ಯಿರಿ. ಪೂರ್ವಾನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ಇನ್ನೊಬ್ಬರ ಪೊಟ್ಟಣವನ್ನು ಎಂದೂ ತೆಗೆದುಕೊಳ್ಳಬೇಡಿ. "ನನ್ನ ಭಾಯ್‌ಗೆ ಸ್ವಲ್ಪ ಬಿಸ್ಕೆಟ್, ಅಷ್ಟೇ" ಎಂದು ಕೊಟ್ಟರೂ ಬೇಡ. ತೆಗೆದುಕೊಳ್ಳಲೇಬೇಕಾದರೆ ನಿಮ್ಮ ಕಣ್ಣೆದುರೇ ಬಿಚ್ಚಿ, ಒಂದೊಂದೂ ನೋಡಿ, ನೀವೇ ಕಟ್ಟಿ. ನಿಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೆಲ್ಲ ನೀವೇ ಜವಾಬ್ದಾರರು.

ಕೈಚೀಲದಲ್ಲಿ ಇರಬೇಕಾದವು: ಪಾಸ್‌ಪೋರ್ಟ್, ವೀಸಾ, ಒಪ್ಪಂದ, ವಿಮೆ, ಮೆಡಿಕಲ್ ವರದಿ, ಕಂಪನಿಯ ವಿಳಾಸ ಮತ್ತು ಕರೆದೊಯ್ಯಲು ಬರುವವನ ಫೋನ್ ನಂಬರು ಕಾಗದದ ಮೇಲೆ ಬರೆದದ್ದು. ಫೋನು ಆಫ್ ಆದರೆ ನಂಬರು ಎಲ್ಲಿ ಹುಡುಕುತ್ತೀರಿ?

ಮಂಗಳೂರಿನಿಂದ ವಿಮಾನ ಹತ್ತುವವರು ಮಳೆಗಾಲದಲ್ಲಿ ಒಂದು ದಿನ ಮೊದಲೇ ಹೊರಡಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ನಮಗೆ ಹೊಸದೇನಲ್ಲ. ಸಕಲೇಶಪುರದಲ್ಲಿ ಬಸ್ಸು ನಿಂತರೆ ವಿಮಾನ ಕಾಯುವುದಿಲ್ಲ.

ಇಳಿದ ದಿನ

ಹಾಸನ ಜಿಲ್ಲೆಯ ತಂಪಿನಲ್ಲಿ ಬೆಳೆದ ಮೈಗೆ ಮೊದಲು ತಾಗುವುದು ಅಲ್ಲಿನ ಬಿಸಿ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವುದು ಸಾಮಾನ್ಯ. ನಿಲ್ದಾಣದಲ್ಲಿ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುತ್ತಾರೆ. ಸಾಲು ಉದ್ದವಿರುತ್ತದೆ, ಗಾಬರಿಯಾಗಬೇಡಿ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ನಿಜವನ್ನೇ ಹೇಳಿ. ಕೆಲಸಕ್ಕೆ ಬಂದವನು ಪ್ರವಾಸಕ್ಕೆ ಬಂದೆ ಎನ್ನಬೇಡಿ. ಹಾಗೆ ಹೇಳು ಎಂದು ಕಲಿಸಿಕೊಟ್ಟವನಿದ್ದರೆ ಅಲ್ಲೇ ಏನೋ ತಪ್ಪಿದೆ ಎಂದು ಅರ್ಥ.

ಕರೆದೊಯ್ಯಲು ಬಂದವರು ಕ್ಯಾಂಪ್ ಅಥವಾ ರೂಮಿಗೆ ಬಿಡುತ್ತಾರೆ. ಒಂದು ಕೋಣೆಯಲ್ಲಿ ನಾಲ್ಕು, ಆರು, ಎಂಟು ಜನ ಇರಬಹುದು. ಮಹಡಿ ಮಂಚ, ಸಾಲಿನಲ್ಲಿ ನಿಂತು ಬಾತ್‌ರೂಮು, ಬೇರೆ ಬೇರೆ ದೇಶದವರು. ಮೊದಲ ರಾತ್ರಿ ನಿದ್ದೆ ಬಾರದಿದ್ದರೆ ಅದು ಎಲ್ಲರಿಗೂ ಆಗುವುದೇ. ಆದರೆ ಒಂದು ಕೆಲಸ ಮೊದಲ ದಿನವೇ ಮಾಡಿ: ಹೊರಹೋಗುವ ದಾರಿ, ಮೆಟ್ಟಿಲು ಎಲ್ಲಿದೆ ಎಂದು ನೋಡಿಕೊಳ್ಳಿ. 2024ರ ಜೂನ್ 12ರಂದು ಕುವೈತ್‌ನ ಮಂಗಫ್‌ನಲ್ಲಿ ಕೆಲಸಗಾರರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ನಸುಕಿನಲ್ಲಿ, ಹೆಚ್ಚಿನವರು ಮಲಗಿದ್ದ ಹೊತ್ತಿನಲ್ಲಿ ಆ ಬೆಂಕಿ ಹತ್ತಿತ್ತು.

ಭಾಷೆಯ ಬಗ್ಗೆ ಅಷ್ಟು ಚಿಂತೆ ಬೇಡ. ನಮ್ಮ ಮನೆಯ ದಖನಿ ಮಾತು ಉರ್ದು, ಹಿಂದಿ ಬಲ್ಲವರ ನಡುವೆ ಸಲೀಸಾಗಿ ನಡೆಯುತ್ತದೆ. ಮಲಯಾಳಿಗಳು, ಮಂಗಳೂರು ಕಡೆಯ ಬ್ಯಾರಿ ಸಹೋದರರು ಅಲ್ಲಿ ಹಳಬರು. ಕನ್ನಡಿಗರ ಸಂಘಗಳೂ ಇವೆ. ನಾಲ್ಕು ಅರಬಿ ಮಾತು, ಸುರಕ್ಷತೆಯ ನಾಲ್ಕು ಇಂಗ್ಲಿಷ್ ಪದ ಕಲಿತುಕೊಂಡು ಹೋದರೆ ಸಾಕು.

ಕಾಗದದ ಮೂರು ತಿಂಗಳು

ಇಲ್ಲಿಂದ ಹೊರಡುವ ಮುನ್ನ ಮೆಡಿಕಲ್ ಆಗಿರುತ್ತದೆ. ಅಲ್ಲಿ ಇಳಿದ ಮೇಲೆ ಮತ್ತೆ ಆಗುತ್ತದೆ. ಆಮೇಲೆ ಬೆರಳಚ್ಚು, ಆಮೇಲೆ ಗುರುತಿನ ಚೀಟಿ. ಯುಎಇಯಲ್ಲಿ ಕೆಲಸದ ಪ್ರವೇಶ ಪರವಾನಗಿಯಲ್ಲಿ ಇಳಿದವರಿಗೆ 60 ದಿನಗಳ ಒಳಗೆ ಈ ಕೆಲಸಗಳೆಲ್ಲ ಮುಗಿದು ಎಮಿರೇಟ್ಸ್ ಐಡಿ ಬರಬೇಕು. ಸೌದಿಯಲ್ಲಿ 90 ದಿನಗಳ ಒಳಗೆ ಇಕಾಮಾ ಆಗಬೇಕು. ಇಕಾಮಾ, ವರ್ಕ್ ಪರ್ಮಿಟ್ ಶುಲ್ಕ, ತಡವಾದರೆ ಬೀಳುವ ದಂಡ ಇವೆಲ್ಲ ಮಾಲೀಕನ ಪಾಲು ಎಂದು ಸೌದಿ ಕಾರ್ಮಿಕ ಕಾನೂನು ಹೇಳುತ್ತದೆ. ನಿಮ್ಮ ಸಂಬಳದಿಂದ ಹಿಡಿದುಕೊಂಡರೆ ಪ್ರಶ್ನಿಸಬಹುದು.

ಈ ಚೀಟಿ ಇಲ್ಲದೆ ಬ್ಯಾಂಕ್ ಖಾತೆಯಿಲ್ಲ, ಮನೆಗೆ ಹಣ ಕಳಿಸುವುದು ಕಷ್ಟ. ಸಂಬಳ ಬ್ಯಾಂಕಿನ ಮೂಲಕವೇ ಬರಬೇಕೆಂಬ ವ್ಯವಸ್ಥೆ ಎರಡೂ ದೇಶಗಳಲ್ಲಿದೆ. ಯುಎಇಯಲ್ಲಿ ಅದು ಶುರುವಾದದ್ದು 2009ರಲ್ಲಿ. ಮೊದಲ ತಿಂಗಳ ಸಂಬಳ ಕೈಗೆ ಬರುವಾಗ ಎರಡನೇ ತಿಂಗಳು ನಡೆಯುತ್ತಿರಬಹುದು. ಆದ್ದರಿಂದ ಎರಡು ತಿಂಗಳ ಊಟಕ್ಕಾಗುವಷ್ಟು ಹಣ ಇಲ್ಲಿಂದಲೇ ಜೊತೆಗಿರಬೇಕು.

ಪಾಸ್‌ಪೋರ್ಟ್ ನಿಮ್ಮದು. ಮಾಲೀಕ ಅದನ್ನು ತೆಗೆದಿಟ್ಟುಕೊಳ್ಳುವುದು ಸೌದಿಯಲ್ಲೂ ಯುಎಇಯಲ್ಲೂ ಕಾನೂನಿಗೆ ವಿರುದ್ಧ. ವೀಸಾ ಕೆಲಸಕ್ಕೆಂದು ಕೊಟ್ಟರೆ ವಾಪಸ್ ಕೇಳಿ ಪಡೆಯಿರಿ. ಜಗಳವಾಡಬೇಡಿ, ಆದರೆ ಕೇಳುವುದನ್ನು ಬಿಡಬೇಡಿ. ಕೇಳಿದ್ದನ್ನು ಮೆಸೇಜ್‌ನಲ್ಲೂ ಬರೆದಿಡಿ.

ಪ್ರೊಬೇಷನ್ ಅವಧಿ ಎರಡೂ ದೇಶಗಳಲ್ಲಿ ಆರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಯುಎಇಯಲ್ಲಿ ಆ ಅವಧಿಯಲ್ಲಿ ಕೆಲಸ ಬಿಡಬೇಕಾದರೂ ನೋಟಿಸ್ ಕೊಟ್ಟೇ ಬಿಡಬೇಕು. ಯುಎಇಯಲ್ಲಿ ದೇಶ ಬಿಟ್ಟು ಹೊರಡುವವನು 14 ದಿನ, ಬೇರೆ ಕಂಪನಿಗೆ ಸೇರುವವನು ಒಂದು ತಿಂಗಳು ಮೊದಲು ಬರೆದುಕೊಡಬೇಕು.

ಕೆಲಸದ ದಿನಗಳು

ಯುಎಇಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ಕೆಲಸದ ಮಿತಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸುವಂತಿಲ್ಲ: ಯುಎಇಯಲ್ಲಿ ಮಧ್ಯಾಹ್ನ 12:30ರಿಂದ 3ರವರೆಗೆ, ಸೌದಿಯಲ್ಲಿ 12ರಿಂದ 3ರವರೆಗೆ. ನೀರು ಕುಡಿಯುತ್ತಿರಿ, ತಲೆ ತಿರುಗಿದರೆ, ಬೆವರು ನಿಂತರೆ ಕೂಡಲೇ ಮೇಸ್ತ್ರಿಗೆ ಹೇಳಿ. ನಾಚಿಕೊಂಡು ಸುಮ್ಮನಿರುವುದು ಪ್ರಾಣಕ್ಕೆ ಅಪಾಯ.

ಶುಕ್ರವಾರ ಎಲ್ಲರಿಗೂ ರಜೆ ಎಂದುಕೊಂಡು ಹೋಗುವವರಿದ್ದಾರೆ. ಯುಎಇಯ ಕೇಂದ್ರ ಸರ್ಕಾರದ ಕಚೇರಿಗಳಿಗೆ 2022ರಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಖಾಸಗಿ ಕೆಲಸಗಾರರ ರಜೆ ಒಪ್ಪಂದದಲ್ಲಿರುವಂತೆ. ಖುತ್ಬಾ ಹೆಚ್ಚಾಗಿ ಅರಬಿಯಲ್ಲಿ. ಶಾರ್ಜಾದ ಕೆಲವು ಮಸೀದಿಗಳಲ್ಲಿ ಇಂಗ್ಲಿಷ್, ಉರ್ದು, ಮಲಯಾಳಂನಲ್ಲೂ ಇದೆ.

ಸೌದಿಯಲ್ಲಿ 2021ರ ಮಾರ್ಚ್ 14ರಿಂದ ಕಂಪನಿ ಕೆಲಸಗಾರರು ಕೆಲವು ಷರತ್ತುಗಳ ಮೇಲೆ ಮಾಲೀಕನ ಒಪ್ಪಿಗೆಯಿಲ್ಲದೆಯೇ ಕೆಲಸ ಬದಲಿಸಲು, ಊರಿಗೆ ಬಂದು ಹೋಗಲು ಅವಕಾಶ ಸಿಕ್ಕಿತು. ಆದರೆ ಆ ಸುಧಾರಣೆಯಲ್ಲಿ ಮನೆಕೆಲಸದವರು, ಹೌಸ್ ಡ್ರೈವರ್‌ಗಳು, ತೋಟದವರು, ಕುರಿ ಕಾಯುವವರು ಸೇರಿರಲಿಲ್ಲ. ನಮ್ಮ ಕಡೆಯಿಂದ ಹೌಸ್ ಡ್ರೈವರ್ ವೀಸಾದಲ್ಲಿ ಹೋಗುವವರು ಈ ವ್ಯತ್ಯಾಸವನ್ನು ಅರಿತೇ ಹೋಗಬೇಕು. ಅವರಿಗೆ ಬೇರೆಯೇ ನಿಯಮಗಳಿವೆ. ವಾರಕ್ಕೊಂದು ದಿನದ ವಿಶ್ರಾಂತಿ ಅದರಲ್ಲಿ ಸೇರಿದೆ. ನಮ್ಮ ಊರಿನ ಡ್ರೈವಿಂಗ್ ಲೈಸೆನ್ಸ್ ನಂಬಿಕೊಂಡು ಅಲ್ಲಿ ದುಡಿಯಲಾಗದು, ಆ ದೇಶದ ಲೈಸೆನ್ಸ್ ಪಡೆಯಬೇಕು. ಯುಎಇಯಲ್ಲಿ ಅದಕ್ಕೆ ತರಬೇತಿ, ಪರೀಕ್ಷೆ, ಖರ್ಚು ಎಲ್ಲ ಇದೆ.

ತಿಳಿಯದೆ ಮಾಡುವ ತಪ್ಪುಗಳು

ಮೊದಲನೆಯದು ಚಂದಾ. ಊರಿನ ಮಸೀದಿಗೆ, ಮದ್ರಸಾಕ್ಕೆ, ಬಡ ಹುಡುಗಿಯ ಮದುವೆಗೆ, ರೋಗಿಯೊಬ್ಬರ ಆಪರೇಷನ್‌ಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಣ ಎತ್ತುವುದು ನಮಗೆ ಪುಣ್ಯದ ಕೆಲಸ. ಯುಎಇಯಲ್ಲಿ ಪರವಾನಗಿಯಿಲ್ಲದೆ ಹೀಗೆ ದೇಣಿಗೆ ಸಂಗ್ರಹಿಸುವುದು ಅಪರಾಧ. 2021ರ ಕಾನೂನಿನಲ್ಲಿ ಭಾರೀ ದಂಡವಿದೆ. ಊರಿನ ಜಮಾಅತ್‌ಗಳು ಅಲ್ಲಿರುವ ಹುಡುಗರಿಗೆ ರಸೀದಿ ಪುಸ್ತಕ ಕಳಿಸಿ ಒತ್ತಾಯಿಸುವುದನ್ನು ಬಿಡಬೇಕು. ಕೊಡಬೇಕೆನಿಸಿದವನು ತನ್ನ ಹಣವನ್ನು ತನ್ನ ಮನೆಗೆ ಕಳಿಸಿ, ಇಲ್ಲಿಂದ ಕೊಡಿಸಲಿ.

ಎರಡನೆಯದು ಫೋನು. ಸಿಟ್ಟಿನಲ್ಲಿ ಕಳಿಸಿದ ಬೈಗುಳದ ವಾಯ್ಸ್ ಮೆಸೇಜ್ ಕೂಡ ಯುಎಇಯಲ್ಲಿ ಕೇಸಾಗುತ್ತದೆ. ಇನ್ನೊಬ್ಬರ ಫೋಟೋ ಅನುಮತಿಯಿಲ್ಲದೆ ತೆಗೆಯುವುದು, ಅಪಘಾತದ ವಿಡಿಯೋ ಹಾಕುವುದು ಬೇಡ.

ಮೂರನೆಯದು ಹಜ್. ಸೌದಿಯಲ್ಲಿದ್ದೇನೆ, ಮಕ್ಕಾ ಹತ್ತಿರವೇ ಇದೆ ಎಂದು ಪರವಾನಗಿಯಿಲ್ಲದೆ ಹಜ್‌ಗೆ ಹೊರಟವರಿಗೆ ದಂಡ, ಗಡೀಪಾರು, ಹತ್ತು ವರ್ಷ ಪ್ರವೇಶ ನಿಷೇಧ ಇದೆ. ಇಕಾಮಾ ಇದ್ದವರೂ ಅನುಮತಿ ಪಡೆದೇ ಹೋಗಬೇಕು.

ನಾಲ್ಕನೆಯದು ಓಡಿಹೋಗುವುದು. ಸಂಬಳ ಕೊಡಲಿಲ್ಲ, ಕಿರುಕುಳ ತಾಳಲಾಗಲಿಲ್ಲ ಎಂದು ರೂಮು ಬಿಟ್ಟು ಗೆಳೆಯನ ಹತ್ತಿರ ಹೋದರೆ ಮಾಲೀಕ "ಹುರೂಬ್" ಎಂದು ವರದಿ ಮಾಡುತ್ತಾನೆ. ಆ ಕ್ಷಣದಿಂದ ತಪ್ಪು ಮಾಡಿದವನು ನೀವಾಗುತ್ತೀರಿ. ಮೊದಲು ದೂರು, ಆಮೇಲೆ ಹೆಜ್ಜೆ. ಜೀವಕ್ಕೇ ಅಪಾಯವಿದ್ದರೆ ನೇರ ಪೊಲೀಸರಲ್ಲಿಗೆ ಅಥವಾ ಭಾರತದ ರಾಯಭಾರ ಕಚೇರಿಗೆ ಹೋಗಿ.

ತೊಂದರೆ ಬಂದರೆ

ಈ ನಂಬರುಗಳನ್ನು ಮನೆಯ ಗೋಡೆಯ ಮೇಲೂ ಬರೆದಿಡಿ. ಸೌದಿಯ ಕಾರ್ಮಿಕ ಸಚಿವಾಲಯ: 19911. ಯುಎಇಯ ಕಾರ್ಮಿಕ ಸಚಿವಾಲಯ: 600590000. ಯುಎಇಯಲ್ಲಿ ಭಾರತೀಯರಿಗಾಗಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ: 800 46342. ಇಲ್ಲಿಂದ ಮನೆಯವರು ಕರೆ ಮಾಡಲು ಕೇಂದ್ರ ಸರ್ಕಾರದ ಸಹಾಯವಾಣಿ: 1800 11 3090. ಸೌದಿಯಲ್ಲಿ ರಾಯಭಾರ ಕಚೇರಿ ರಿಯಾದ್‌ನಲ್ಲಿ, ಕಾನ್ಸುಲೇಟ್ ಜಿದ್ದಾದಲ್ಲಿ. ಯುಎಇಯಲ್ಲಿ ರಾಯಭಾರ ಕಚೇರಿ ಅಬುಧಾಬಿಯಲ್ಲಿ, ಕಾನ್ಸುಲೇಟ್ ದುಬೈಯಲ್ಲಿ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಹೊರಗಿರುವವನ ಪರವಾಗಿ ಊರಿನಲ್ಲಿರುವ ಮನೆಯವರೂ ದೂರು ದಾಖಲಿಸಬಹುದು. ಕಷ್ಟದಲ್ಲಿರುವವರ ಟಿಕೆಟ್, ವೈದ್ಯಕೀಯ ನೆರವು, ಮೃತದೇಹ ತರುವ ಖರ್ಚಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ.

ಇಳಿದ ಮೇಲೆ ರಾಯಭಾರ ಕಚೇರಿಯಲ್ಲಿ ಹೆಸರು, ಫೋನು ನೋಂದಾಯಿಸಿಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು. ಆಪರೇಷನ್ ಕಾವೇರಿಯ ಮೂಲಕ ಅವರನ್ನು ಕರೆತರಲಾಯಿತು. ಯಾರು, ಎಲ್ಲಿದ್ದಾರೆ ಎಂಬ ಪಟ್ಟಿ ಇದ್ದರೆ ಮಾತ್ರ ಇಂಥ ಕೆಲಸ ಬೇಗ ಆಗುತ್ತದೆ.

ಮನೆಯವರಿಗೆ ನಾಲ್ಕು ಮಾತು

ಮಗ ಹೋದ ಮೊದಲ ತಿಂಗಳೇ "ಹಣ ಯಾವಾಗ ಕಳಿಸ್ತೀಯ" ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಕೊಡಲಾಗದವನು ರೂಮಿನ ಗೆಳೆಯರಲ್ಲಿ ಸಾಲ ಮಾಡುತ್ತಾನೆ, ಇಲ್ಲವೇ ಕಾನೂನು ಮೀರಿ ಇನ್ನೊಂದು ಕಡೆ ಕೆಲಸ ಹುಡುಕುತ್ತಾನೆ. ಮೂರು ತಿಂಗಳ ಮನೆ ಖರ್ಚು ಅವನು ಹೊರಡುವ ಮುನ್ನವೇ ತೆಗೆದಿಟ್ಟಿರಬೇಕು. ಅಷ್ಟು ಕೂಡಿಡಲು ಆಗದಿದ್ದರೆ ಹೊರಡುವುದನ್ನು ಆರು ತಿಂಗಳು ಮುಂದೂಡುವುದು ಲೇಸು.

ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ನಡೆಯುವುದಿಲ್ಲ, ಮೆಸೇಜ್ ಮಾತ್ರ ಹೋಗುತ್ತದೆ. ಕರೆಗೆ ಬೋಟಿಮ್‌ನಂಥ ಬೇರೆ ಆ್ಯಪ್ ಬೇಕು. ಮೊದಲ ದಿನ ವಿಡಿಯೋ ಕರೆ ಬರಲಿಲ್ಲವೆಂದು ಅಮ್ಮಿ ಗಾಬರಿಯಾಗಬಾರದು. ಅಲ್ಲಿನ ಗಡಿಯಾರ ಯುಎಇಯಲ್ಲಿ ನಮಗಿಂತ ಒಂದೂವರೆ ಗಂಟೆ, ಸೌದಿಯಲ್ಲಿ ಎರಡೂವರೆ ಗಂಟೆ ಹಿಂದೆ. ನಾವು ಇಶಾ ನಮಾಝ್ ಮುಗಿಸಿ ಮಲಗುವ ಹೊತ್ತಿಗೆ ಅವನು ಆಗಷ್ಟೇ ಕೆಲಸ ಬಿಟ್ಟು ಬಸ್ಸಿನಲ್ಲಿರಬಹುದು.

ಹಣವನ್ನು ಬ್ಯಾಂಕ್ ಅಥವಾ ಪರವಾನಗಿ ಇರುವ ಎಕ್ಸ್‌ಚೇಂಜ್ ಮೂಲಕವೇ ತರಿಸಿಕೊಳ್ಳಿ. ಹುಂಡಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕರೂ ಅದು ಕಾನೂನುಬಾಹಿರ. ಹಣ ಮುಳುಗಿದರೆ ಕೇಳುವವರಿಲ್ಲ. ಹೊರಡುವ ಮುನ್ನ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆಯ ಬಗ್ಗೆ ಕೇಳಿ, ನಾಮಿನಿ ಹೆಸರು ಬರೆಸಿ. ಬಂದ ಹಣ ಎಲ್ಲಿ ಖರ್ಚಾಯಿತೆಂದು ಮನೆಯಲ್ಲಿ ಒಂದು ಪುಸ್ತಕ ಇಡಿ. ಐದು ವರ್ಷ ಬಿಸಿಲಲ್ಲಿ ದುಡಿದು ಬಂದವನಿಗೆ ತೋರಿಸಲು ಲೆಕ್ಕವಾದರೂ ಇರಬೇಕು.

ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿಯವರ(ಸ) ಬೋಧನೆಯನ್ನು ಜುಮಾ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಕೂಲಿ ಕೈಗೆ ಬರಬೇಕಾದರೆ ದುಡಿಯುವವನ ಕೈಯಲ್ಲಿ ಒಪ್ಪಂದ ಇರಬೇಕು, ಸರಿಯಾದ ವೀಸಾ ಇರಬೇಕು, ಬೆನ್ನ ಮೇಲೆ ಸಾಲ ಇರಬಾರದು. ಮುಂದಿನ ಶುಕ್ರವಾರ "ವೀಸಾ ಬಂತು, ದುಆ ಮಾಡಿ" ಎಂದು ಯಾರಾದರೂ ಕೈ ಹಿಡಿದರೆ ದುಆ ಮಾಡಿ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿಕೊಂಡು, "ಒಪ್ಪಂದದ ಕಾಗದ ತೋರಿಸಪ್ಪ, ಒಟ್ಟಿಗೆ ಓದೋಣ" ಎನ್ನಿ.

ಹೊರಟವರ ದಾರಿಯನ್ನು ಅಲ್ಲಾಹನು ಸುಗಮಗೊಳಿಸಲಿ. ಅವರನ್ನು ಕ್ಷೇಮವಾಗಿ ಮನೆಗೆ ಮರಳಿಸಲಿ. ಆಮೀನ್.